ಕಿವಿಯ ಗುಂಯ್ ಸದ್ದು: ಮೈ ಸಡಿಲಿಸುವುದೋ, ಯೋಚನೆ ಬದಲಿಸುವುದೋ?

ಮಳೆ ನಿಂತ ರಾತ್ರಿ, ಶಿರಸಿ ಕಡೆಯ ಒಂಟಿ ಮನೆಗಳಲ್ಲಿ ಕಿವಿಯೊಳಗಿನ ಗುಂಯ್ ಸದ್ದು ಇನ್ನೂ ಜಾಸ್ತಿ ಅನ್ನಿಸುತ್ತದೆ. ಸುತ್ತ ಬೇರೆ ಸದ್ದಿಲ್ಲ, ಅಲ್ವಾ? ಕಾರವಾರದ ಕಡಲ ದಂಡೆಯವರಿಗೆ ಅಲೆಯ ಸದ್ದು ಸ್ವಲ್ಪ ಮರೆ ಮಾಡುತ್ತದೆ.

ಮೈ ಸಡಿಲಿಸುವ ಅಭ್ಯಾಸ ಇವತ್ತೇ ಶುರು ಮಾಡಬಹುದು, ಖರ್ಚಿಲ್ಲ. ನಿಧಾನವಾಗಿ ಉಸಿರಾಡುತ್ತಾ ಕೈ, ಭುಜ, ದವಡೆಯನ್ನು ಒಂದೊಂದಾಗಿ ಬಿಗಿ ಮಾಡಿ ಬಿಡುವುದು. ಆದರೆ ‘ಈ ಸದ್ದು ನನ್ನ ಬದುಕನ್ನೇ ಹಾಳು ಮಾಡುತ್ತದೆ’ ಎಂಬ ಭಯ ಹಾಗೇ ಉಳಿಯಬಹುದು.

ಆ ಭಯಕ್ಕೇ ಕೈ ಹಾಕುವುದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಸದ್ದಿನ ಜೊತೆ ಬಂದ ಯೋಚನೆಯನ್ನು ಬರೆದು, ಅದು ಎಷ್ಟು ನಿಜ ಅಂತ ನೋಡಬೇಕು. ‘ನಿನ್ನೆಯೂ ಸದ್ದಿತ್ತು, ಆದರೂ ಅಡಿಕೆ ಸುಲಿದೆ, ನೆಂಟರ ಜೊತೆ ಮಾತಾಡಿದೆ.’ ಸದ್ದು ಸಣ್ಣದಾಗುವುದಿಲ್ಲ, ಸಂಕಟ ಕಡಿಮೆಯಾಗುತ್ತದೆ. ಸಂಶೋಧನೆಯ ಬೆಂಬಲ ಜಾಸ್ತಿ ಇರುವುದು ಇದಕ್ಕೇ. ವಾರಗಟ್ಟಲೆ ಹಿಡಿಯುತ್ತದೆ, ಕಲಿಸುವ ಮನಶ್ಶಾಸ್ತ್ರಜ್ಞರೂ ಬೇಕು. ಹತ್ತಿರ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಿ.

ಬರೀ ನಿದ್ದೆಯ ತೊಂದರೆಯಾದರೆ ಮೊದಲನೆಯದರಿಂದ ಶುರು ಮಾಡಬಹುದು. ಹೆದರಿಕೆ ಹಗಲಿಗೂ ಹಬ್ಬಿದ್ದರೆ ಎರಡನೆಯದನ್ನೇ ಹಿಡಿಯಿರಿ.

ಒಂದೇ ಕಿವಿಯಲ್ಲಿ ಸದ್ದು ಅಥವಾ ನಾಡಿಯಂತೆ ಬಡಿತ ಇದ್ದರೆ ಎರಡಕ್ಕೂ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ದಿಢೀರನೆ ಕಿವಿ ಕೇಳಿಸದಾದರೆ ಅವತ್ತೇ ಹೋಗಿ.