ಪುಟ್ಟ ಟರ್ಬೊ, ದೊಡ್ಡ ಟರ್ಬೊ, ಬೆಲ್ಟಿನ ಸೂಪರ್‌ಚಾರ್ಜರ್: ಮಿಯಾಟಾಕ್ಕೆ ಯಾವುದು?

ಟರ್ಬೊ, ಅಂದರೆ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಸಾಧನ, ಹಾಕಿಸಲೇಬೇಕು ಅಂತ ನನಗೆ ಅನ್ನಿಸಿದ್ದು ಒಂದು ಏರುದಾರಿಯಲ್ಲಿ. ಮುಂದೆ ಲಾರಿ, ನಾನು ಮೂರನೇ ಗೇರ್‌ನಲ್ಲಿ, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಕಾರು ಸದ್ದು ಮಾಡಿತೇ ಹೊರತು ಲಾರಿಯನ್ನು ದಾಟಲಿಲ್ಲ.

ನನ್ನದು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, ಜನ ಮಿಯಾಟಾ ಅನ್ನುವ ಕಾರು. 1989ರಲ್ಲಿ ಬಂದ ಮಾದರಿ, 1.6 ಲೀಟರ್ ಎಂಜಿನ್. 6,500 ಆರ್‌ಪಿಎಂನಲ್ಲಿ ಸುಮಾರು 115 ಹಾರ್ಸ್‌ಪವರ್, ತೂಕ ಒಂದು ಟನ್ನಿಗಿಂತ ಕಡಿಮೆ. ತಿರುವುಗಳಲ್ಲಿ ಚಿನ್ನದಂಥ ಕಾರು, ಏರಿನಲ್ಲಿ ಮಾತ್ರ ಪಾಪ. ಒಂದು ಸಮಾಧಾನ ಏನಂದರೆ, ಇದೇ ಬಿ6 ಕುಟುಂಬದ ಎಂಜಿನ್‌ಗೆ ಮಜ್ದಾ ತನ್ನ 323 ಕಾರಿನಲ್ಲಿ ಕಾರ್ಖಾನೆಯಲ್ಲೇ ಟರ್ಬೊ ಹಾಕಿತ್ತು. ಹಾಗಾಗಿ ಇದಕ್ಕೆ ಟರ್ಬೊ ಹೊಸ ನೆಂಟನೇನಲ್ಲ.

ಮೊದಲು ಹಾಕಿದ್ದು ಟಿ25 ಎಂಬ ಚಿಕ್ಕ ಟರ್ಬೊ. ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚಿನ ಒತ್ತಡ) 0.4 ಬಾರ್, ಅಂದರೆ ಸುಮಾರು 6 ಪಿಎಸ್‌ಐ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ಹೊರಗಿನ ಗಾಳಿಯ ಒತ್ತಡವೇ ಸುಮಾರು 1 ಬಾರ್. ಅದಕ್ಕೆ 0.4 ಸೇರಿಸಿದರೆ ಎಂಜಿನ್ನಿಗೆ ಹೆಚ್ಚುಕಡಿಮೆ 40 ಶೇಕಡಾ ಜಾಸ್ತಿ ಗಾಳಿ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಅಷ್ಟೂ ಸಿಗುವುದಿಲ್ಲ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕಾಗುವುದು ಅದಕ್ಕೇ. ನನ್ನ ಕಾರಿನಲ್ಲಿ 2,500 ಆರ್‌ಪಿಎಂ ದಾಟುತ್ತಿದ್ದಂತೆ ಬೆನ್ನಿಗೆ ಯಾರೋ ಕೈ ಇಟ್ಟು ತಳ್ಳಿದ ಹಾಗೆ ಆಗುತ್ತಿತ್ತು. 3,000ದ ಹೊತ್ತಿಗೆ ಪೂರ್ತಿ ಬೂಸ್ಟ್. 6,000 ದಾಟಿದ ಮೇಲೆ ಚಿಕ್ಕ ಟರ್ಬೊ ಉಸಿರು ಕಟ್ಟಿದಂತೆ ಆಡುತ್ತಿತ್ತು, ನಿಜ. ಆದರೆ ದಿನಾ ಓಡಿಸುವಾಗ ಅಲ್ಲಿಗೆ ಎಷ್ಟು ಸಲ ಹೋಗುತ್ತೀರಿ?

ಸೂಪರ್‌ಚಾರ್ಜರ್ ನೋಡಿದ್ದು ಗೆಳೆಯನ 1.8 ಲೀಟರ್ ಮಿಯಾಟಾದಲ್ಲಿ. ಕೆಲವು ವಾರ ಇಬ್ಬರೂ ಕಾರು ಅದಲುಬದಲು ಮಾಡಿಕೊಂಡಿದ್ದೆವು. ಅದು ಈಟನ್ ಎಂ45, ಟರ್ಬೊದಂತೆಯೇ ಗಾಳಿ ತುಂಬುತ್ತೆ, ಆದರೆ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವಂಥದ್ದು. ಕಾಲು ಒತ್ತಿದ ಕ್ಷಣಕ್ಕೇ ಬಲ. ಕಾಯುವ ಮಾತೇ ಇಲ್ಲ. ಕಾರಿಗೆ ಯಾರೋ ರಾತ್ರೋರಾತ್ರಿ ದೊಡ್ಡ ಎಂಜಿನ್ ಕೂರಿಸಿದ್ದಾರೆ ಅನ್ನಿಸುತ್ತೆ. ಕೂರಿಸುವ ಕೆಲಸವೂ ಹಗುರ. ಎಕ್ಸಾಸ್ಟ್ ಮುಟ್ಟಬೇಕಿಲ್ಲ. ಗೇರ್‌ಗಳಿಗೆ ಬೇಕಾದ ಆಯಿಲ್ ಅದರೊಳಗೇ ಇರುತ್ತೆ, ಎಂಜಿನ್ನಿನಿಂದ ಪೈಪ್ ಎಳೆಯಬೇಕಿಲ್ಲ. ಬೂಸ್ಟ್ ಜಾಸ್ತಿ ಬೇಕೆಂದರೆ ಪುಲ್ಲಿ ಬದಲಿಸಿದರಾಯಿತು.

ಹಾಗಾದರೆ ನಾನೇಕೆ ಅದನ್ನು ಹಾಕಿಸಲಿಲ್ಲ? ಒಂದು, ಬಿಸಿ. ಈ ಬಗೆಯ ಬ್ಲೋವರ್ (ಸೂಪರ್‌ಚಾರ್ಜರ್) ಅದೇ ಬೂಸ್ಟಿಗೆ ಟರ್ಬೊಗಿಂತ ಜಾಸ್ತಿ ಗಾಳಿ ಕಾಯಿಸುತ್ತೆ. ಗೆಳೆಯನ ಕಿಟ್‌ನಲ್ಲಿ ಇಂಟರ್‌ಕೂಲರ್ ಕೂಡ ಇರಲಿಲ್ಲ. ಒಂದರ ಹಿಂದೆ ಒಂದು ನಾಲ್ಕೈದು ಸಲ ಜೋರಾಗಿ ಓಡಿಸಿದರೆ ಕಾರು ಮಂಕಾಗುತ್ತಿತ್ತು. ಎರಡು, ಬ್ಲೋವರ್ ತಿರುಗಿಸುವ ಶಕ್ತಿ ಎಂಜಿನ್ನಿನ ಕಿಸೆಯಿಂದಲೇ ಹೋಗುತ್ತೆ. ಮೂರನೆಯದು ಪೂರಾ ನನ್ನ ಕಿವಿಯ ತಕರಾರು: ಆ ಕೀರಲು ಸದ್ದು. ಗೆಳೆಯನಿಗೆ ಅದೇ ಸಂಗೀತ.

ದೊಡ್ಡ ಟರ್ಬೊ ಹಾಕಿದ್ದು ಆಸೆಬುರುಕತನಕ್ಕೆ. ಗ್ಯಾರೆಟ್ ಜಿಟಿ2860ಆರ್‌ಎಸ್, ಬಾಲ್ ಬೇರಿಂಗ್ ಇರುವ ಒಳ್ಳೆಯ ಟರ್ಬೊ. ವಸ್ತುವಿನ ತಪ್ಪು ಏನಿಲ್ಲ, 1.6 ಲೀಟರ್ ಎಂಜಿನ್ನಿಗೆ ಅದು ಅಣ್ಣನ ಅಂಗಿ. ನನ್ನ ಕಾರಿನಲ್ಲಿ 4,000 ದಾಟುವವರೆಗೆ ನಿದ್ದೆ, ಆಮೇಲೆ ಒಮ್ಮೆಗೇ ಒದೆತ. ಸುಮಾರು 7,200ಕ್ಕೆ ರೆಡ್‌ಲೈನ್ ಬರುವ ಎಂಜಿನ್ನಿನಲ್ಲಿ ಇನ್ನು ಉಳಿಯುವುದೆಷ್ಟು? ಒಂದು ಗೇರ್ ಹಾಕುವಷ್ಟರಲ್ಲಿ ಮುಗಿಯಿತು.

ತಿರುವಿನಲ್ಲಂತೂ ಹೆದರಿಕೆಯೇ ಆಯಿತು. ಹಿಂದಿನ ಚಕ್ರಕ್ಕೆ ಬಲ ಕೊಡುವ ಕಾರು, ಎರಡು ಆಕ್ಸಲ್‌ಗಳ ನಡುವೆ 2,265 ಮಿಲಿಮೀಟರ್ ಅಷ್ಟೇ. ತಿರುವಿನ ನಟ್ಟನಡುವೆ ಬೂಸ್ಟ್ ಬಂದರೆ ಹಿಂಭಾಗ ಮುಂದೆ ಬರಲು ನೋಡುತ್ತೆ. ಎರಡನೇ ತಿಂಗಳಿಗೆ ಕ್ಲಚ್ ಜಾರತೊಡಗಿತು. ಮೊದಲ ವರ್ಷಗಳ 1.6 ಕಾರಿನ ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರ್‌ಪೆಟ್ಟಿಗೆ) ಚಿಕ್ಕದು, ಅದೂ ಗೊಣಗಲು ಶುರು ಮಾಡಿತು. ಟಿ25 ಅನ್ನು ಮಾರದೆ ಅಟ್ಟದ ಮೇಲೆ ಇಟ್ಟಿದ್ದು ಪುಣ್ಯ.

ಇಷ್ಟೆಲ್ಲ ಹೇಳಿದೆನಲ್ಲ, ಇವುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ನನಗೆ ಕಂಡಿದ್ದು ಬೇರೆ ಕಡೆ. ಪೆಟ್ರೋಲ್ ಮತ್ತು ಕಿಡಿಯ ಲೆಕ್ಕ ನೋಡಿಕೊಳ್ಳುವುದು ಯಾರು ಅನ್ನುವುದರಲ್ಲಿ.

ಮೊದಲ ಸಲ ಟಿ25 ಹಾಕಿದಾಗ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹಳೆಯದೇ ಇತ್ತು. ಜಾಸ್ತಿ ಪೆಟ್ರೋಲಿಗೆ ಒಂದು ಪ್ರೆಶರ್ ರೆಗ್ಯುಲೇಟರ್ ಹಾಕಿದ್ದೆ. ಬೂಸ್ಟ್ ಏರಿದ ಹಾಗೆ ಅದು ಇಂಧನದ ಒತ್ತಡವನ್ನೂ ಏರಿಸುತ್ತೆ, ಬೇರೆ ಯಾವ ಬುದ್ಧಿಯೂ ಅದಕ್ಕಿಲ್ಲ. 1.6 ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆಯುವುದು ಒಂದು ರೆಕ್ಕೆ, ಬಾಗಿಲಿನ ಹಾಗೆ ತೆರೆದುಕೊಳ್ಳುವಂಥದ್ದು. ಬಾಗಿಲು ಪೂರ್ತಿ ತೆರೆದ ಮೇಲೆ ಇನ್ನೆಷ್ಟು ಗಾಳಿ ಬಂದರೂ ಇಸಿಯುಗೆ ಗೊತ್ತಾಗುವುದಿಲ್ಲ. ಕಿಡಿ ಯಾವಾಗ ಹೊಡೆಯಬೇಕು ಅನ್ನುವುದನ್ನೂ ಅದು ಟರ್ಬೊ ಇಲ್ಲದ ಕಾರಿನಂತೆಯೇ ನಿರ್ಧರಿಸುತ್ತಿತ್ತು.

ಒಂದು ಉರಿಬಿಸಿಲಿನ ಮಧ್ಯಾಹ್ನ ನಾಕಿಂಗ್ ಕೇಳಿಸಿತು, ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ. ಎಂಜಿನ್ನಿಗೆ 9.4:1 ಕಂಪ್ರೆಷನ್, ಮೇಲೆ ಬೂಸ್ಟ್, ಮೇಲೆ ಬಿಸಿಗಾಳಿ. ಪೆಟ್ರೋಲ್ ತಾನಾಗಿ ಸಿಡಿಯುತ್ತಿತ್ತು. ಹಾಗೇ ಬಿಟ್ಟಿದ್ದರೆ ಪಿಸ್ಟನ್ ಒಡೆಯುತ್ತಿತ್ತು. ಕ್ಯಾಮ್ ಆಂಗಲ್ ಸೆನ್ಸರ್ ತುಸು ತಿರುಗಿಸಿ, 10 ಡಿಗ್ರಿ ಇದ್ದ ಟೈಮಿಂಗ್ ಅನ್ನು 6ಕ್ಕೆ ಇಳಿಸಿದೆ, ಅಂದರೆ ಕಿಡಿ ತುಸು ತಡವಾಗುವಂತೆ ಮಾಡಿದೆ. ನಾಕಿಂಗ್ ನಿಂತಿತು. ಜೊತೆಗೆ ಬೂಸ್ಟ್ ಇಲ್ಲದಾಗಿನ ಚುರುಕೂ ಹೋಯಿತು. ನಾನು ತಿರುಗಿಸಿದ್ದು ಎಲ್ಲ ಆರ್‌ಪಿಎಂಗೂ ಅನ್ವಯಿಸುತ್ತೆ ನೋಡಿ.

ದೊಡ್ಡ ಟರ್ಬೊ ಪುರಾಣ ಮುಗಿದ ಮೇಲೆ ಟಿ25 ವಾಪಸ್ ಬಂತು. ಈ ಸಲ ಲೆಕ್ಕವನ್ನು ನಾವೇ ಬದಲಿಸಬಹುದಾದ ಮೆಗಾಸ್ಕ್ವರ್ಟ್ ಇಸಿಯು ಜೊತೆ. ರೆಕ್ಕೆಯ ಡಬ್ಬಿ ಹೋಯಿತು, ಅದರ ಜಾಗಕ್ಕೆ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ದೊಡ್ಡವು. ಎಕ್ಸಾಸ್ಟ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್. ಕಾರಿನೊಂದಿಗೆ ಬರುವ ಆಕ್ಸಿಜನ್ ಸೆನ್ಸರ್ ಗಾಳಿ-ಪೆಟ್ರೋಲ್ ಅನುಪಾತ 14.7ರ ಆಚೆಗೋ ಈಚೆಗೋ ಅಂತ ಮಾತ್ರ ಹೇಳುತ್ತೆ. ಬೂಸ್ಟ್‌ನಲ್ಲಿ ನಮಗೆ ಬೇಕಾದದ್ದು 11.5ರಿಂದ 12ರ ಆಸುಪಾಸು. ಅಲ್ಲಿ ಇದೆಯೋ ಇಲ್ಲವೋ ಅಂತ ಹೇಳುವುದು ವೈಡ್‌ಬ್ಯಾಂಡ್ ಮಾತ್ರ. ಅದಿಲ್ಲದೆ ಬೂಸ್ಟ್ ಏರಿಸುವುದು ಕಣ್ಣು ಕಟ್ಟಿಕೊಂಡು ಬಾವಿ ದಾಟಿದಂತೆ.

ಟರ್ಬೊ ಅದೇ, ಬೂಸ್ಟ್ ಅದೇ 0.4, ಕಾರು ಮಾತ್ರ ಬೇರೆ. ಬೂಸ್ಟ್ ಇಲ್ಲದಾಗ ಟೈಮಿಂಗ್ ಮೊದಲಿನಷ್ಟೇ ಚುರುಕು, ಬೂಸ್ಟ್ ಬಂದಾಗ ಮಾತ್ರ ಹಿಂದಕ್ಕೆ. ಅದೇ ಏರಿನಲ್ಲಿ ಮೊದಲು ಹೆದರುತ್ತಾ ಹೋಗುತ್ತಿದ್ದವನು ಈಗ ಸುಮ್ನೆ ಕೂತು ಹೋಗುತ್ತೇನೆ. ಆದ್ದರಿಂದ ಹೊಸಬರು ಯಾವ ಟರ್ಬೊ ಅಂತ ಕೇಳಿದರೆ ನಾನು ಯಾವ ಇಸಿಯು ಅಂತ ತಿರುಗಿ ಕೇಳುತ್ತೇನೆ. ಖರ್ಚು ಮಾಡುವ ಕ್ರಮ ತಲೆಕೆಳಗಾಗಬೇಕು: ಮೊದಲು ವೈಡ್‌ಬ್ಯಾಂಡ್ ಮತ್ತು ಇಸಿಯು, ಆಮೇಲೆ ಇಂಜೆಕ್ಟರ್ ಮತ್ತು ಕ್ಲಚ್, ಕೊನೆಗೆ ಟರ್ಬೊ. ಟರ್ಬೊ ಇಲ್ಲದೆಯೇ ಹೊಸ ಇಸಿಯುನಲ್ಲಿ ಒಂದೆರಡು ತಿಂಗಳು ಓಡಿಸಿ. ತಪ್ಪು ಮಾಡುವುದಾದರೆ ಬೂಸ್ಟ್ ಇಲ್ಲದಾಗಲೇ ಮಾಡಿಬಿಡಿ.

ಟರ್ಬೊ ದಾರಿಯ ಕಿರಿಕಿರಿಗಳನ್ನೂ ಹೇಳಬೇಕು, ಇಲ್ಲದಿದ್ದರೆ ಗೆಳೆಯ ನನ್ನನ್ನು ಸುಳ್ಳ ಅನ್ನುತ್ತಾನೆ. ಟರ್ಬೊದಿಂದ ಆಯಿಲ್ ವಾಪಸ್ ಬರುವುದು ತನ್ನ ಭಾರಕ್ಕೇ, ಪಂಪ್ ಏನಿಲ್ಲ. ನನಗೆ ಕೂರಿಸಿಕೊಟ್ಟವರು ಆ ಪೈಪನ್ನು ಮಧ್ಯೆ ಜೋತಾಡಲು ಬಿಟ್ಟಿದ್ದರು. ಆಯಿಲ್ ನಿಂತು, ಸೀಲ್ ದಾಟಿ, ಹಿಂದೆ ನೀಲಿ ಹೊಗೆ. ಟರ್ಬೊ ಕೆಟ್ಟಿತು ಅಂತ ಗೋಳಾಡಿದೆ, ಸರಿಹೋಗಿದ್ದು ಪೈಪ್ ನೇರ ಮಾಡಿದ ಮೇಲೆ.

ಆಮೇಲೆ ಟರ್ಬೊವನ್ನು ಮ್ಯಾನಿಫೋಲ್ಡಿಗೆ (ಎಂಜಿನ್ನಿನಿಂದ ಹೊಗೆ ಹೊರತರುವ ಕವಲು ಪೈಪ್) ಬಿಗಿಯುವ ಸ್ಟಡ್‌ಗಳು. ಕಾಯುತ್ತವೆ, ಆರುತ್ತವೆ, ಸಡಿಲಾಗುತ್ತವೆ. ಬಿಸಿ ತಾಳುವ ಇಂಕೊನೆಲ್ ಸ್ಟಡ್ ಹಾಕಿದ ಮೇಲೆ ಕಾಟ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಈ ಎಂಜಿನ್ನಿನಲ್ಲಿ ಕೂಲಂಟ್ ಹೊರಬರುವುದು ಮುಂದಿನಿಂದ, ಹಾಗಾಗಿ ಹಿಂದಿನ ನಾಲ್ಕನೇ ಸಿಲಿಂಡರ್‌ಗೆ ತಂಪು ಕಡಿಮೆ. ಬೂಸ್ಟ್ ಏರಿಸುವವರು ದಾರಿ ಬದಲಿಸಿ ಹಿಂದಿನಿಂದ ಹೊರಡುವಂತೆ ಮಾಡುತ್ತಾರೆ. ನಾನೂ ಮಾಡಿಸಿದ್ದೇನೆ.

ಕೈಗೆ ಗ್ರೀಸ್ ಅಂಟುವುದು ಬೇಡ ಅನ್ನುವವರು ಸೂಪರ್‌ಚಾರ್ಜರ್ ಹಾಕಿಸಿ, ಅದಕ್ಕೆ ಇಂಟರ್‌ಕೂಲರ್ ಸೇರಿಸಿ. 1.8 ಕಾರಿಗೆ ಅದು ಚೆನ್ನಾಗಿ ಹೊಂದುತ್ತೆ. ದೊಡ್ಡ ಟರ್ಬೊ ಬೇಕೇ ಬೇಕು ಅಂದರೆ ಮೊದಲು ಕ್ಲಚ್ ಮತ್ತು ಡಿಫರೆನ್ಶಿಯಲ್ ಬದಲಿಸಿ, ಆಮೇಲೆ ಮಾತಾಡೋಣ. ನನ್ನ ಕಾರಿನಲ್ಲಿ ಟಿ25 ಇರುತ್ತೆ. ಬೂಸ್ಟ್ 0.5ಕ್ಕೆ ಏರಿಸಿದ್ದೇನೆ, ಅಷ್ಟೇ. ಆ ಸ್ಟಡ್‌ಗಳಿಗೆ ಬೇಕಾದ ಸ್ಪ್ಯಾನರ್ ಯಾವಾಗಲೂ ಡಿಕ್ಕಿಯಲ್ಲೇ ಇರುತ್ತೆ.