ನಡುವಿನ ಪದರ: ಹತ್ತಿಯೋ, ಫೆಲ್ಟೋ, ಬಕ್ರಮ್ಮೋ?

ಪುಟ್ಟ ಕಲಾ ಕೌದಿಗಳನ್ನು ಹೊಲಿಯುವವರು ಮೇಲ್ಪದರದ ಬಟ್ಟೆ ಮತ್ತು ಬಣ್ಣಗಳ ಬಗ್ಗೆ ವಹಿಸುವ ಆಸ್ಥೆಯ ಅರ್ಧದಷ್ಟನ್ನೂ ಒಳಗಿನ ಪದರದ ಬಗ್ಗೆ ವಹಿಸುವುದಿಲ್ಲ; ನಾನೂ ವಹಿಸುತ್ತಿರಲಿಲ್ಲ. ನೆಟ್ಟಗೆ ಕತ್ತರಿಸಿದ ಚೌಕಗಳು ಹೊಲಿಗೆ ಮುಗಿಯುವಷ್ಟರಲ್ಲಿ ಒಣಗಿದ ಎಲೆಯಂತೆ ಮುರುಟಿಕೊಳ್ಳತೊಡಗಿದ ಮೇಲೆ, 20 ಸೆಂ.ಮೀ. ಅಳತೆಯ ಮೂರು ಚೌಕಗಳನ್ನು ಒಂದೇ ವಿನ್ಯಾಸದಲ್ಲಿ ಹೊಲಿದು ನೋಡಿದೆ. ಒಳಗಿನ ಪದರ ಮಾತ್ರ ಬೇರೆ ಬೇರೆ: ಒಂದಕ್ಕೆ ಹತ್ತಿಯ ಹಾಸು, ಒಂದಕ್ಕೆ ಬಕ್ರಂ (ಕಾಲರಿನೊಳಗೆ ಹಾಕುವಂಥ ಗಡಸು ಬಟ್ಟೆ), ಇನ್ನೊಂದಕ್ಕೆ ಫೆಲ್ಟ್ (ಉಣ್ಣೆಯ ಎಳೆಗಳನ್ನು ಒತ್ತಿ ಮಾಡಿದ ಹಾಳೆ). ಮೂರರ ಮೇಲೂ ಹಳೆಯ ಹತ್ತಿ ಬಟ್ಟೆ, ಬಳಸಿ ಒಣಗಿಸಿದ ಚಹಾ ಚೀಲದ ಕಾಗದ ಮತ್ತು ಪಾಲಿಯೆಸ್ಟರ್ ಆರ್ಗಾಂಜಾ ಎಂಬ ತೆಳುವಾದ ಪಾರದರ್ಶಕ ಬಟ್ಟೆ ಇದ್ದವು. ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, 90/14 ಅಳತೆಯ ಸೂಜಿ ಹಾಕಿ, ಬಟ್ಟೆಯನ್ನು ಕೈಯಿಂದಲೇ ಸರಿಸುತ್ತಾ ಹೊಲಿದೆ.

ಹತ್ತಿಯ ಹಾಸಿನಲ್ಲಿ ದಾರವು ಒಳಗಿಳಿದು, ಎರಡು ಸಾಲುಗಳ ನಡುವಿನ ಜಾಗ ಉಬ್ಬಿ ನಿಲ್ಲುವುದರಿಂದ, ನೆರಳು ಬೆಳಕಿನ ಆಟ ಚೆನ್ನಾಗಿ ಮೂಡುತ್ತದೆ. ಆದರೆ ಒತ್ತಾಗಿ ಹೊಲಿದ ಭಾಗ ಒಳಕ್ಕೆ ಎಳೆದುಕೊಂಡು, ಹೊಲಿಯದೆ ಬಿಟ್ಟ ಅಂಚು ಝಾಲರಿನಂತೆ ಅಲೆಯಾಗುತ್ತದೆ. ನನ್ನ ಚೌಕ ಒಂದು ಬದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿತ್ತು. ತುಸು ದೊಡ್ಡದಾಗಿ ಕತ್ತರಿಸಿಕೊಂಡು, ಹೊಲಿಗೆಯನ್ನು ಎಲ್ಲೆಡೆ ಸಮನಾಗಿ ಹರಡಿ, ಕೊನೆಯಲ್ಲಿ ಅಂಚು ಸರಿಪಡಿಸುವುದೇ ಇದಕ್ಕಿರುವ ದಾರಿ. ಒಗೆದಾಗ ಹತ್ತಿ ಕುಗ್ಗಿ ಮೂಡುವ ಸುಂದರ ಸುಕ್ಕುಗಳ ಆಸೆಯನ್ನು ಮಾತ್ರ, ಮೇಲೆ ಕಾಗದವಿದ್ದ ಮೇಲೆ, ಬಿಡಲೇಬೇಕು.

ದಪ್ಪ ಬಕ್ರಂ ಇದಕ್ಕೆ ತದ್ವಿರುದ್ಧ. ಎಷ್ಟು ಒತ್ತಾಗಿ ಹೊಲಿದರೂ ಅದು ಜಗ್ಗಲಿಲ್ಲ, ಚೌಕ ಚೌಕವಾಗಿಯೇ ಉಳಿಯಿತು. ಆದರೆ ಉಬ್ಬು ತಗ್ಗುಗಳಿಲ್ಲದೆ ಇಡೀ ಕೆಲಸ ರಟ್ಟಿನ ಮೇಲೆ ಬರೆದ ಚಿತ್ರದಂತೆ ಕಂಡಿತು, ಅದನ್ನು ಕೌದಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ತಪ್ಪಿದ ಹೊಲಿಗೆಯನ್ನು ಬಿಚ್ಚಿದರೆ ತೂತುಗಳು ಹಾಗೆಯೇ ಉಳಿಯುತ್ತವೆ.

ನನ್ನ ಒಲವು ಉಣ್ಣೆಯ ಫೆಲ್ಟಿನ ಕಡೆಗೆ. ಅದು ನೇಯ್ದ ಬಟ್ಟೆಯಲ್ಲವಾದ್ದರಿಂದ ಅಡ್ಡ ಎಳೆ, ಉದ್ದ ಎಳೆಗಳ ತಾಪತ್ರಯವಿಲ್ಲ, ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ ಸುತ್ತ ಪಟ್ಟಿ ಕೊಡದೆಯೂ ಕೆಲಸ ಮುಗಿಸಬಹುದು. ಉಬ್ಬು ಹತ್ತಿಯಷ್ಟಿಲ್ಲ, ಆದರೆ ಹೊಲಿಗೆಯ ಗೆರೆ ಸ್ಪಷ್ಟವಾಗಿ ಕೂರುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಆರ್ಗಾಂಜಾವನ್ನು ಅಲ್ಲಲ್ಲಿ ಕರಗಿಸಿದಾಗಲಂತೂ ಫೆಲ್ಟಿನ ಬೆಲೆ ತಿಳಿಯಿತು: ಆರ್ಗಾಂಜಾ ಮುದುಡಿ ಹಿಂದೆ ಸರಿಯಿತು, ಕೆಳಗಿನ ಹತ್ತಿ ಬಟ್ಟೆ ಇಣುಕಿತು, ಉಣ್ಣೆಗೆ ಏನೂ ಆಗಲಿಲ್ಲ. ನೋಟಕ್ಕೆ ಒಂದೇ ರೀತಿ ಇದ್ದ, ಕೃತಕ ಎಳೆಯ ಅಕ್ರಿಲಿಕ್ ಫೆಲ್ಟನ್ನು ಹಿಂದೊಮ್ಮೆ ಉಣ್ಣೆಯೆಂದು ಭಾವಿಸಿ ಬಿಸಿ ತಾಗಿಸಿದಾಗ, ಕೆಲವೇ ಕ್ಷಣಗಳಲ್ಲಿ ನಡುವೆ ತೂತು ಬಿದ್ದು ಎರಡು ದಿನಗಳ ಕೆಲಸ ಹೋಯಿತು. (ಬೇಕೆಂದೇ ಹಾಗೆ ಕರಗಿಸಿ ಜಾಲರಿಯಂಥ ನೋಟ ತರುವವರೂ ಇದ್ದಾರೆ, ಹೊಗೆ ಕೆಟ್ಟದ್ದು, ಕಿಟಕಿ ತೆರೆದಿರಬೇಕು.) ಈಗ ಮೂಲೆಯ ಒಂದು ಎಳೆಯನ್ನು ಮೊದಲೇ ಸುಟ್ಟು ನೋಡುತ್ತೇನೆ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಗಟ್ಟಿ ಮಣಿಯಾದರೆ ಅಕ್ರಿಲಿಕ್.

ಪಾಲಿಯೆಸ್ಟರ್ ಹಾಸನ್ನು ನಾನು ಹೋಲಿಕೆಗೇ ತೆಗೆದುಕೊಳ್ಳಲಿಲ್ಲ, ಇಸ್ತ್ರಿ ಬಿಸಿಯಾದರೆ ಅದು ಚಪ್ಪಟೆಯಾಗಿಬಿಡುತ್ತದೆ.

ಕಾಗದದ ವಿಷಯದಲ್ಲಿ ಮಾತ್ರ ಫೆಲ್ಟ್ ಪೂರ್ತಿ ಗೆಲ್ಲಲಿಲ್ಲ. ಹೊಲಿಗೆ ತೀರಾ ಚಿಕ್ಕದಾದರೆ ಕಾಗದ ಅಂಚೆಚೀಟಿಯ ಅಂಚಿನಂತೆ ತೂತಾಗಿ ಹರಿಯುತ್ತದೆ, ಮೆತ್ತನೆಯ ಫೆಲ್ಟ್ ಬಾಗಿದಾಗ ಇನ್ನೂ ಬೇಗ. ಆದ್ದರಿಂದ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಕಾಗದವಿದ್ದರೆ, ಫೆಲ್ಟಿನ ಬೆನ್ನಿಗೆ ತೆಳುವಾದ ಬಕ್ರಂ ಅಂಟಿಸಿ, ಹೊಲಿಗೆಯ ಉದ್ದವನ್ನು 3 ಮಿ.ಮೀ. ಸುತ್ತಮುತ್ತ ಇಟ್ಟುಕೊಳ್ಳುತ್ತೇನೆ.