ಆರು ವರ್ಷದ ಇ-ರೀಡರ್: ಕಾದಂಬರಿಗೆ ಅಂತ ಕೊಂಡೆ, ಕವಿತೆಗೂ ಧರ್ಮಗ್ರಂಥಕ್ಕೂ ಬಂದು ಮುಟ್ಟಿದೆ

ಆರು ವರ್ಷದ ಹಿಂದೆ ಇ-ರೀಡರ್ ತಗೊಂಡಾಗ ನನಗೆ ಬೇಕಾಗಿದ್ದು ಇಷ್ಟೇ: ದಪ್ಪ ದಪ್ಪ ಕಾದಂಬರಿಗಳನ್ನು ಮಲಗಿಕೊಂಡು ಓದಬೇಕು, ಕೈ ನೋಯಬಾರದು, ಕಣ್ಣು ಉರಿಯಬಾರದು. ಇವತ್ತು ಅದನ್ನು ತೆರೆದರೆ ಮೊದಲ ಪರದೆಯಲ್ಲಿ ಒಂದು ಪತ್ತೇದಾರಿ ಕಾದಂಬರಿ, ಪಕ್ಕದಲ್ಲೇ ಒಂದು ಕವನ ಸಂಕಲನ, ಕೆಳಗೆ ಬೌದ್ಧ ಪದ್ಯಗಳ ಅನುವಾದ. ಈ ಬೆರಕೆಗೆ ಈ ಸಾಧನವೇ ಕಾರಣ. ಆದರೆ ಮೂರೂ ಬಗೆಯ ಪುಸ್ತಕಗಳನ್ನು ಅದು ಒಂದೇ ಥರ ನೋಡಿಕೊಳ್ಳುವುದಿಲ್ಲ. ಅದನ್ನೇ ಇಲ್ಲಿ ಬರೆಯಬೇಕು ಅನ್ನಿಸಿತು.

ನನ್ನದು ಆರು ಇಂಚಿನ, 300 ಪಿಪಿಐ (ಒಂದು ಇಂಚಿಗೆ 300 ಚುಕ್ಕಿ) ಪರದೆ, ಒಳಗೇ ಬೆಳಕಿದೆ. ಇದೇ ಅಳತೆಯ ರೀಡರ್ ಬೇಕಾದಷ್ಟಿವೆ, ಹಾಗಾಗಿ ಕಂಪನಿಯ ಹೆಸರು ಮುಖ್ಯವಲ್ಲ. ಇಂಥ ರೀಡರ್‌ಗಳ ಇ-ಇಂಕ್ ಪರದೆಯೊಳಗೆ ಕೂದಲೆಳೆ ದಪ್ಪದ ಗುಳಿಗೆಗಳಿರುತ್ತವೆ, ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಹರಿದಾಗ ಬೇಕಾದ ಬಣ್ಣದ ಕಣ ಮೇಲೆ ಬರುತ್ತದೆ, ಆಮೇಲೆ ವಿದ್ಯುತ್ ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತದೆ. ಒಂದೇ ಪುಟವನ್ನು ಅರ್ಧ ಗಂಟೆ ನೋಡುತ್ತಾ ಕೂತರೂ ಅಕ್ಷರ ಹಾಗೇ ಇರುತ್ತದೆ. ಕವಿತೆ ಓದುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಮೊದಲ ಎರಡು ವರ್ಷ ಬರೀ ಕಾದಂಬರಿ. ಸಾಧನದ ಜೊತೆಗೇ ಬರುವ ಅಂಗಡಿಯಲ್ಲಿ ಒಂದು ಪತ್ತೇದಾರಿ ಓದಿದರೆ ಇನ್ನೂ ಹತ್ತು ಪತ್ತೇದಾರಿ ಮುಂದೆ ತಂದಿಡುತ್ತದೆ. ಬೇರೆಯದು ಇದೆ ಅನ್ನುವುದೇ ಮರೆತುಹೋಗುತ್ತದೆ. ಮೂರನೇ ವರ್ಷ ಕೆಲವು ತಿಂಗಳು ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಕಾದಂಬರಿ ಹಿಡಿದರೆ ಮುಂದೇನಾಯಿತು ಅಂತ ಇನ್ನಷ್ಟು ಎಚ್ಚರ. ಒಂದು ದಿನ ಸುಮ್ನೆ, ಹಳೆಯ ಪುಸ್ತಕಗಳನ್ನು ಉಚಿತವಾಗಿ ಕೊಡುವ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಒಂದು ಹಳೆಯ ಕವನ ಸಂಕಲನ ಇಳಿಸಿಕೊಂಡೆ. ದುಡ್ಡು ಕೊಡಬೇಕಾಗಿದ್ದರೆ ಖಂಡಿತ ತಗೊಳ್ಳುತ್ತಿರಲಿಲ್ಲ. ಒಂದು ಪರದೆಗೆ ಒಂದು ಕವಿತೆ. ಓದಿ, ಬೆಳಕು ಆರಿಸಿ, ಕತ್ತಲಲ್ಲಿ ಅದರ ಎರಡು ಸಾಲು ಬಾಯಲ್ಲಿಟ್ಟುಕೊಂಡು ಮಲಗಿದೆ. ಮಾರನೇ ರಾತ್ರಿ ಮತ್ತೊಂದು.

ಗುಟೆನ್‌ಬರ್ಗ್ ಶುರುವಾಗಿದ್ದು 1971ರಲ್ಲಿ. ಮೈಕೆಲ್ ಹಾರ್ಟ್ ಅನ್ನುವವರು ವಿಶ್ವವಿದ್ಯಾಲಯದ ಕಂಪ್ಯೂಟರ್‌ನಲ್ಲಿ ಒಂದು ದಾಖಲೆಯನ್ನು ಟೈಪ್ ಮಾಡಿ, ಯಾರು ಬೇಕಾದರೂ ತಗೊಳ್ಳಲಿ ಅಂತ ಇಟ್ಟರು. ಈಗ ಅಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಹಕ್ಕುಸ್ವಾಮ್ಯ ಮುಗಿದವೇ ಜಾಸ್ತಿ, ಹಾಗಾಗಿ ಹೊಸ ಬರಹಗಾರರನ್ನು ಅಲ್ಲಿ ಹುಡುಕಬೇಡಿ. ನನ್ನನ್ನು ಬೆಳೆಸಿದ್ದು ಮಾತ್ರ ಅಲ್ಲಿನ ಹಳಬರೇ.

ಕವಿತೆಯಿಂದ ಧರ್ಮದ ಪುಸ್ತಕಕ್ಕೆ ಹೋದ ದಾರಿ ನನಗೇ ಆಶ್ಚರ್ಯ. ನಾನು ಹೋಗಿದ್ದು ಪದ್ಯ ಹುಡುಕಿಕೊಂಡು. ಪ್ರಪಂಚದ ಎಷ್ಟೋ ಧರ್ಮಗ್ರಂಥಗಳು ಪದ್ಯದಲ್ಲೇ ಇವೆ ಅಲ್ವಾ? ಸ್ತೋತ್ರ, ಕೀರ್ತನೆ, ಪ್ರಾರ್ಥನೆ ಎಲ್ಲ ಹಾಡಿಕೊಳ್ಳಲು ಹುಟ್ಟಿದವು. ಹಾಗೆ ಹುಡುಕುವಾಗ ಮ್ಯಾಕ್ಸ್ ಮುಲ್ಲರ್ ಸಂಪಾದಿಸಿದ ಪೂರ್ವ ದೇಶಗಳ ಪವಿತ್ರ ಗ್ರಂಥಗಳ ಇಂಗ್ಲಿಷ್ ಮಾಲೆ ಸಿಕ್ಕಿತು. 1879ರಿಂದ 1910ರವರೆಗೆ ಬಂದ 50 ಸಂಪುಟಗಳು. ಉಪನಿಷತ್ತು, ಕುರಾನ್, ಬೌದ್ಧ ಮತ್ತು ಜೈನ ಗ್ರಂಥಗಳು, ಚೀನಾದ ತಾವೋ ಗ್ರಂಥಗಳು ಒಂದೇ ಮಾಲೆಯಲ್ಲಿವೆ. ಕಾಗದದಲ್ಲಿ ಇವಕ್ಕೆ ಒಂದು ಇಡೀ ಕಪಾಟು ಬೇಕು.

ಗ್ರಂಥಾಲಯದಲ್ಲಿ ಇವು ನನಗೆ ಸಿಗುತ್ತಿರಲಿಲ್ಲ ಅನ್ನಿಸುತ್ತದೆ. ಅಲ್ಲಿ ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಧರ್ಮಕ್ಕೆ 200, ಸಾಹಿತ್ಯಕ್ಕೆ 800. ಮಧ್ಯದಲ್ಲಿ ಸಮಾಜ, ಭಾಷೆ, ವಿಜ್ಞಾನ, ತಂತ್ರಜ್ಞಾನ, ಕಲೆ. ಕಾದಂಬರಿಯ ಕಪಾಟಿನಿಂದ ಧರ್ಮದ ಕಪಾಟಿಗೆ ಯಾವ ಕೆಲಸವೂ ಇಲ್ಲದೆ ಯಾರು ನಡೆದುಕೊಂಡು ಹೋಗುತ್ತಾರೆ? ರೀಡರ್‌ನಲ್ಲಿ ಕೊನೆಗೆ ತೆರೆದದ್ದು ಮೊದಲು ಕಾಣುತ್ತದೆ, ಅಷ್ಟೇ ಕ್ರಮ. ಕೊಲೆಗಾರ ಯಾರು ಅಂತ ಗೊತ್ತಾದ ಹತ್ತು ನಿಮಿಷಕ್ಕೆ ಪಕ್ಕದ ಪುಸ್ತಕದಲ್ಲಿ ಕ್ಷಮೆಯ ಬಗ್ಗೆ ಎರಡು ಸಾಲಿನ ಪದ್ಯ ಓದಿದ ರಾತ್ರಿ ನನಗೆ ಇನ್ನೂ ನೆನಪಿದೆ. ಆ ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದಿದೆ. ಕೊಲೆಗಾರ ಬೇರೆಯೇ ಮನುಷ್ಯನ ಹಾಗೆ ಕಂಡ.

ಇನ್ನು ತೊಂದರೆಗಳು. ಕಾದಂಬರಿಗೆ ಏನೂ ತೊಂದರೆ ಇಲ್ಲ. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಗದ್ಯ ನೀರಿನ ಹಾಗೆ ಹೊಸ ಅಗಲಕ್ಕೆ ಹರಿದುಕೊಳ್ಳುತ್ತದೆ.

ಕವಿತೆ ಹಾಗಲ್ಲ. ಅದರಲ್ಲಿ ಸಾಲು ಎಲ್ಲಿ ನಿಲ್ಲಬೇಕು ಅಂತ ಕವಿ ಹೇಳಿದ್ದಾನೆ, ಪರದೆ ಕೇಳುವುದಿಲ್ಲ. ಭಾಮಿನಿ ಷಟ್ಪದಿಯನ್ನೇ ನೋಡಿ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23. ನಾನು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಕ್ಷರದ ಗಾತ್ರದಲ್ಲಿ ಸರಿಯಾಗಿ ಈ ಎರಡು ಉದ್ದ ಸಾಲುಗಳೇ ಮುರಿಯುತ್ತವೆ. ಆರು ಸಾಲಿನ ಪದ್ಯ ಎಂಟು ಸಾಲಾಗಿ ನಿಲ್ಲುತ್ತದೆ! ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇರುತ್ತದಲ್ಲ, ಕಣ್ಣು ಎಡಗಡೆ ಅದನ್ನು ಹಿಡಿದುಕೊಂಡು ಇಳಿಯುತ್ತಾ ಬರುತ್ತದೆ. ನಡುವೆ ಮುರಿದ ತುಂಡು ಬಂದಾಗ ಎಡವುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ: ಪುಸ್ತಕದ ಅತಿ ಉದ್ದದ ಸಾಲು ಹುಡುಕಿ, ಅದು ಮುರಿಯದಷ್ಟು ಅಕ್ಷರ ಚಿಕ್ಕದು ಮಾಡಿ, ಆಮೇಲೆ ಮೊದಲಿನಿಂದ ಶುರು ಮಾಡುವುದು. ಆಗಲೂ ಆಗದಿದ್ದರೆ ಪರದೆಯನ್ನು ಅಡ್ಡ ತಿರುಗಿಸುತ್ತೇನೆ. ಚೆನ್ನಾಗಿ ಮಾಡಿದ ಇಪಬ್ (ಇ-ಪುಸ್ತಕದ ಫೈಲ್) ಆದರೆ ಮುರಿದ ತುಂಡು ಸ್ವಲ್ಪ ಒಳಗೆ ಸರಿದು ಬರುತ್ತದೆ, ಇದು ಹೊಸ ಸಾಲಲ್ಲ ಅಂತ ತಕ್ಷಣ ತಿಳಿಯುತ್ತದೆ.

ಅಕ್ಷರದೋಷವೂ ಕವಿತೆಯಲ್ಲೇ ಜಾಸ್ತಿ ನೋಯಿಸುತ್ತದೆ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದಿ, ಯಾರೂ ತಿದ್ದದೆ ಬಿಟ್ಟರೆ 'ಮ' ಇರುವಲ್ಲಿ 'ವು' ಬರುತ್ತದೆ, 'ಪ' ಇರುವಲ್ಲಿ 'ವ'. ಗದ್ಯದಲ್ಲಿ ಊಹಿಸಿಕೊಂಡು ಮುಂದೆ ಹೋಗಬಹುದು. ನಾಲ್ಕು ಸಾಲಿನ ಕವಿತೆಯಲ್ಲಿ ಒಂದು ಪದ ಕೆಟ್ಟರೆ ಕವಿತೆಯೇ ಹೋಯಿತು. ಮನುಷ್ಯರು ತಿದ್ದಿದ ಪ್ರತಿ ಹುಡುಕಿಕೊಳ್ಳಿ. ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಅಂತ 2000ದಲ್ಲಿ ಶುರುವಾದ ಗುಂಪೊಂದಿದೆ. ಸ್ವಯಂಸೇವಕರು ಒಂದೊಂದೇ ಪುಟ ತಗೊಂಡು, ಮೂಲದ ಚಿತ್ರದ ಪಕ್ಕ ಇಟ್ಟು ತಿದ್ದುತ್ತಾರೆ. ಗುಟೆನ್‌ಬರ್ಗ್‌ನ ಎಷ್ಟೋ ಪುಸ್ತಕಗಳು ಅವರ ಕೈ ದಾಟಿ ಬಂದವು. ಅವರಿಗೆ ನಾನು ನಿಜವಾಗಿಯೂ ಋಣಿ.

ಧರ್ಮಗ್ರಂಥದ ಕಷ್ಟ ಬೇರೆ. ಅಲ್ಲಿ ಮೂಲ, ಪದದ ಅರ್ಥ, ವ್ಯಾಖ್ಯಾನ ಮೂರೂ ಇರುತ್ತವೆ, ನಾವು ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಓದುತ್ತೇವೆ. ಕಾಗದದಲ್ಲಾದರೆ ಒಂದು ಬೆರಳು ಇಲ್ಲಿ, ಇನ್ನೊಂದು ಅಲ್ಲಿ. ರೀಡರ್‌ನಲ್ಲಿ ಬೆರಳಿಡಲು ಜಾಗವಿಲ್ಲ. ಅಡಿಟಿಪ್ಪಣಿಯ ಅಂಕಿ ಮುಟ್ಟಿದಾಗ ಅಲ್ಲೇ ಸಣ್ಣ ಕಿಟಕಿ ತೆರೆದರೆ ಸುಖ. ಪುಸ್ತಕದ ಕೊನೆಗೆ ಒಯ್ದು ಬಿಟ್ಟರೆ ವಾಪಸ್ ಬರುವಷ್ಟರಲ್ಲಿ ಶ್ಲೋಕವೇ ಮರೆತಿರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಆರು ಇಂಚಿನಲ್ಲಿ ಓದುವುದೇ ಬೇಡ. ಎರಡು ಅನುವಾದಗಳನ್ನು ಅಕ್ಕಪಕ್ಕ ಇಟ್ಟು ನೋಡಲೂ ನನ್ನ ಸಾಧನದಲ್ಲಿ ಆಗುವುದಿಲ್ಲ, ಹಾಗಾಗಿ ಒಂದು ಅನುವಾದವನ್ನು ಕಾಗದದಲ್ಲೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. ಅನುವಾದಕರ ಹೆಸರು, ಇಸವಿ ಇಲ್ಲದ ಧರ್ಮಗ್ರಂಥವನ್ನು ನಾನು ಇಳಿಸಿಕೊಳ್ಳುವುದಿಲ್ಲ. ಮೂಲ ಎಲ್ಲಿ ಮುಗಿಯಿತು, ಯಾರದೋ ಅಭಿಪ್ರಾಯ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬೇಕು. ನೂರು ವರ್ಷ ಹಳೆಯ ಅನುವಾದಗಳ ಮುನ್ನುಡಿಯಲ್ಲಿ ಆ ಕಾಲದ ಪೂರ್ವಗ್ರಹಗಳೂ ಇರುತ್ತವೆ. ನಾನು ಮೊದಲು ಪದ್ಯ ಓದಿ, ಮುನ್ನುಡಿ ಕೊನೆಗೆ ಓದುತ್ತೇನೆ.

ಕಣ್ಣಿಗೆ ಬಿಡುವು ಬೇಕಾದಾಗ ಲಿಬ್ರಿವಾಕ್ಸ್ ಕೇಳುತ್ತೇನೆ. 2005ರಿಂದ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಅಲ್ಲಿ ಉಚಿತವಾಗಿ ಹಾಕುತ್ತಿದ್ದಾರೆ. ಒಂದೇ ಕವಿತೆಯನ್ನು ಹತ್ತಾರು ಜನ ಓದಿದ ಸಂಗ್ರಹಗಳಿವೆ. ಒಬ್ಬರು ಅವಸರದಲ್ಲಿ ದಾಟಿದ ಪದದ ಮೇಲೆ ಇನ್ನೊಬ್ಬರು ನಿಂತಾಗ ಅರ್ಥವೇ ಬೇರೆ ಆಗುತ್ತದೆ.

ಬ್ಯಾಟರಿ ಮೊದಲು ಸುಮಾರು ನಾಲ್ಕು ವಾರ ಬರುತ್ತಿತ್ತು, ಈಗ ಹತ್ತು ದಿನ. ಅದಕ್ಕೆ ಬೇಜಾರಿಲ್ಲ. ಬೇಜಾರಾಗಿದ್ದು ನಾಲ್ಕನೇ ವರ್ಷ, ಒಂದು ಅಪ್‌ಡೇಟ್ ಆದಮೇಲೆ ನಾನು ಗುರುತು ಹಾಕಿದ ಸಾಲುಗಳೆಲ್ಲ ಅಳಿಸಿಹೋದಾಗ. ಒಂದು ಇಡೀ ವರ್ಷದ ಕವಿತೆಗಳ ಗುರುತು ಅವು. ಸಹಾಯವಾಣಿಯವರು ಮರಳಿ ತರಲು ಆಗುವುದಿಲ್ಲ ಅಂದರು. ಅವತ್ತಿನಿಂದ ತಿಂಗಳಿಗೊಮ್ಮೆ ಟಿಪ್ಪಣಿಗಳ ಫೈಲನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳುತ್ತೇನೆ. ತುಂಬಾ ಇಷ್ಟವಾದ ಸಾಲನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದಿಡುತ್ತೇನೆ.

ಬರೀ ಕಾದಂಬರಿ ಓದುವವರಿಗೆ ಆರು ಇಂಚು ಧಾರಾಳ ಸಾಕು. ಕವಿತೆ, ಧರ್ಮಗ್ರಂಥವೂ ಬೇಕು ಅನ್ನುವವರು ಎಂಟು ಇಂಚಿನ ಹತ್ತಿರದ್ದು ನೋಡಿ. ಕನ್ನಡ ಓದುವವರು ಕೊಳ್ಳುವ ಮೊದಲು ಒಂದು ಷಟ್ಪದಿಯ ಫೈಲ್ ಹಾಕಿ ನೋಡಿ. ಒತ್ತಕ್ಷರಗಳು ಸರಿಯಾಗಿ ಕೂರಬೇಕು, ಬೇಕೆಂದಾಗ ನೋಟೋ ಸೆರಿಫ್ ಕನ್ನಡದಂಥ ಫಾಂಟ್ ನಾವೇ ಸೇರಿಸಿಕೊಳ್ಳಲು ಬರಬೇಕು. ನನ್ನ ಮುಂದಿನ ರೀಡರ್ ಎಂಟು ಇಂಚಿನದೇ. ಇದರ ಬ್ಯಾಟರಿ ಪೂರ್ತಿ ಕೈಬಿಡುವವರೆಗೂ ದಿಂಬಿನ ಪಕ್ಕ ಇದೇ ಇರುತ್ತದೆ.